ಇಜೇರಿಗೆ ಹೊರಟ ತೊಟ್ಟಿಲು

ಹಿರೋಳ್ಳಿಯಿಂದ ಆಳಂದಕ್ಕೆ ಹೋಗುವ ಬೆಳಗಿನ ಬಸ್ಸಿಗಾಗಿ ನಾನು ಊರ ಮುಂದಿನ ಕಟ್ಟೆಯ ಹತ್ತಿರ ನಿಂತಿದ್ದೆ. ತಲೆಗೆ ರುಮಾಲು, ಮೈಗೆ ಚಾದರ, ಕಾಲಬುಡದಲ್ಲಿ ಕೌದಿ ಸುತ್ತಿ ಹಗ್ಗ ಬಿಗಿದ ದೊಡ್ಡದೊಂದು ಗಂಟು. ಎಳ್ಳಮಾವಾಸ್ಯೆ ಹತ್ತಿರ ಬಂದಿದ್ದರಿಂದ ಚಳಿ ಜೋರಾಗಿತ್ತು. ತೊಗರಿ ಹೊಲಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಗಂಟಿನಲ್ಲಿ ಇದ್ದದ್ದು ನಮ್ಮ ಮನೆತನದ ತೊಟ್ಟಿಲು. ನನ್ನ ಅಜ್ಜ ಸಾಗವಾನಿ ಕಟ್ಟಿಗೆಯಲ್ಲಿ ಮಾಡಿಸಿದ್ದು. ಅದರಲ್ಲಿ ನಾನು ಮಲಗಿದ್ದೆ, ನನ್ನ ಮಗಳು ನೀಲಮ್ಮ ಮಲಗಿದ್ದಳು. ಈಗ ಅದನ್ನು ಜೇವರ್ಗಿ ತಾಲೂಕಿನ ಇಜೇರಿಗೆ, ನೀಲಮ್ಮನ ಗಂಡನ ಮನೆಗೆ ಮುಟ್ಟಿಸಬೇಕಾಗಿತ್ತು. ಕೂಸು ಮಾತ್ರ ಇನ್ನೂ ಹುಟ್ಟಿರಲಿಲ್ಲ.

ಇದನ್ನು ಕೇಳಿದರೆ ನಮ್ಮ ಕಡೆಯ ಹೆಂಗಸರು ಬಾಯಿಗೆ ಸೆರಗು ಹಚ್ಚುತ್ತಾರೆ. ಕೂಸು ಹುಟ್ಟುವ ಮೊದಲು ಅಟ್ಟದಿಂದ ತೊಟ್ಟಿಲು ಇಳಿಸುವುದಿಲ್ಲ, ಕುಂಚಿಗೆ ಹೊಲಿಯುವುದಿಲ್ಲ, ಹೆಸರು ಮಾತಾಡುವುದಿಲ್ಲ. ಖಾಲಿ ತೊಟ್ಟಿಲನ್ನು ಮಕ್ಕಳು ಆಟಕ್ಕೆ ತೂಗಿದರೂ ಹಿರಿಯರು ಕೈಮೇಲೆ ಒಂದು ಬಿಡುತ್ತಾರೆ. ಅದರಲ್ಲೂ ನೀಲಮ್ಮನ ವಿಷಯ ಬೇರೆ. ಮೊದಲನೆಯ ಕೂಸು ದಿನ ತುಂಬುವ ಮೊದಲೇ ಹೋಯಿತು. ಎರಡನೆಯದು ದಿನ ತುಂಬಿ ಬಂತು, ಅಳಲಿಲ್ಲ. ಇದು ಮೂರನೆಯ ಬಸಿರು. ಓಡಾಡಬೇಡ ಎಂದು ಡಾಕ್ಟರಮ್ಮ ಹೇಳಿದ್ದರಿಂದ ತವರಿಗೂ ಬಂದಿರಲಿಲ್ಲ. ಒಂದು ದಿನ ಮುಂಜಾನೆ ಅವಳದೇ ಫೋನು ಬಂತು.

"ಯಪ್ಪಾ, ಅಟ್ಟದ ಮ್ಯಾಲಿನ ತೊಟ್ಟಿಲ ತಗೊಂಡ ಬಾ."

"ಈಗ್ಯಾಕ ಬೇ? ಆಗಲಿ, ಆಮ್ಯಾಲ ನಾನೇ ಹೊತ್ಕೊಂಡ ಬರ್ತೇನಿ."

"ಆಮ್ಯಾಲ ಬ್ಯಾಡ. ಈಗ ತಾ. ಕೊಡ್ತಾನೋ ಇಲ್ಲೋ ಅದು ಶಿವನ ಕೆಲಸ. ಜಾಗಾ ಮಾಡಿ ಇಡೋದು ನನ್ನ ಕೆಲಸ."

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಗೌಂಡಿ ಕೆಲಸ ನನ್ನದು. ನಮ್ಮ ಸುತ್ತಿನ ಹಳ್ಳಿಗಳಲ್ಲಿ ನಾನು ಎಬ್ಬಿಸಿದ ಗೋಡೆಗಳಿಗೆ ಲೆಕ್ಕವಿಲ್ಲ. ಒಂದು ಬಾಗಿದೆ ಎಂದು ಯಾರಾದರೂ ತೋರಿಸಲಿ, ಗಾರೆ ಎಳೆಯುವ ಕರಣಿ ಕೆಳಗಿಟ್ಟುಬಿಡುತ್ತೇನೆ. ಪಾಯದ ನೆಲವನ್ನು ಹಾರೆಯಿಂದ ಹೊಡೆದು, ಸಪ್ಪಳ ಕೇಳಿ, ಗಟ್ಟಿ ಎಂದು ಮನಸ್ಸಿಗೆ ಬಂದ ಮೇಲೇ ಮೊದಲ ಕಲ್ಲು ಇಡುವವನು ನಾನು. ಅಂಥವನಿಗೆ ಮಗಳ ಈ ಮಾತು ನೆಲ ನೋಡದೆ ಗೋಡೆ ಎಬ್ಬಿಸು ಅಂದಂತೆ ಕೇಳಿಸಿತು. ಆದರೂ ಅಟ್ಟ ಹತ್ತಿದೆ. ಎರಡು ಕೂಸು ಮಣ್ಣಿಗಿಟ್ಟ ಮಗಳು ಬಾಯಿಬಿಟ್ಟು ಕೇಳಿದ್ದು ಇದೊಂದೇ.

ನನ್ನ ಹೆಂಡತಿ ಶಾಂತವ್ವ ತೊಟ್ಟಿಲು ಇಳಿಸುವಾಗ ಅಡಿಗೆ ಮನೆಯಿಂದ ಹೊರಗೆ ಬರಲಿಲ್ಲ. ರೊಟ್ಟಿ ಬುತ್ತಿ ಕಟ್ಟಿ ಹೊಸ್ತಿಲ ಮೇಲೆ ಇಟ್ಟಳು. ಒಂದು ಕುಂಚಿಗೆಯನ್ನೂ ಹೊಲಿದು ಕೊಡು ಅಂದೆ. ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಯುವ ಕುಂಚಿಗೆಯನ್ನು ಅವಳಷ್ಟು ಚೆಂದ ಹೊಲಿಯುವವರು ನಮ್ಮ ಓಣಿಯಲ್ಲಿಲ್ಲ.

"ನನ್ನ ಕೈಯಾಗ ಸೂಜಿ ಹಿಡಿಸಬ್ಯಾಡ್ರಿ," ಅಂದಳು. "ಹೋದ ಸಲ ನೀಲವ್ವನ ನೋಡೀನಿ ನಾ. ನಿಮ್ಮ ಅಪ್ಪ ಮಗಳ ಹುಚ್ಚಾಟ ನಿಮಗ ಇರಲಿ."

ಇಜೇರಿಗೆ ನೆಟ್ಟಗಿನ ದಾರಿ ಎಂದರೆ ಆಳಂದ, ಕಲಬುರಗಿ, ಜೇವರ್ಗಿ. ನಾನು ಅದನ್ನು ಬಿಟ್ಟು ಅಫಜಲಪುರದ ಮೇಲೆ ಸುತ್ತುಹಾಕಿ ಹೋಗಲು ನಿರ್ಧರಿಸಿದೆ. ಕಲಬುರಗಿ ಸ್ಟ್ಯಾಂಡಿನಲ್ಲಿ ನಮ್ಮೂರಿನವರು ಒಬ್ಬರಾದರೂ ಸಿಗುತ್ತಾರೆ, ಗಂಟು ನೋಡುತ್ತಾರೆ, ಕೇಳುತ್ತಾರೆ. ಅಫಜಲಪುರದ ದಾರಿಯಲ್ಲಿ ನನ್ನ ಗುರುತಿನವರು ಯಾರೂ ಇಲ್ಲ. ಗುರುತಿಲ್ಲದವರು ಮಾತಾಡಿಸುವುದಿಲ್ಲ ಎಂದು ತಿಳಿದಿದ್ದೆ. ನಮ್ಮ ಭಾಗದ ಬಸ್ಸುಗಳನ್ನು ಅಷ್ಟು ವರ್ಷ ಹತ್ತಿ ಇಳಿದೂ ಹಾಗೆ ತಿಳಿದದ್ದು ನನ್ನ ದಡ್ಡತನ.

ಆಳಂದದಲ್ಲಿ ಬಸ್ಸು ಬದಲಿಸುವಾಗ ಒಂದು ಬಟ್ಟಲು ಚುರುಮುರಿ ಸುಸಲಾ ತಿಂದು ಚಹಾ ಕುಡಿದೆ. ಅಫಜಲಪುರದ ಬಸ್ಸು ತುಂಬಿತ್ತು. ಗಾಣಗಾಪುರಕ್ಕೆ ಹೋಗುವ ಭಕ್ತರು, ಸಂತೆಗೆ ಹೊರಟ ಹೆಂಗಸರು. ಹಿಂದಿನ ಬಾಗಿಲ ಹತ್ತಿರ ಜಾಗ ಮಾಡಿಕೊಂಡು ಗಂಟನ್ನು ಮೊಣಕಾಲಿಗೆ ಒತ್ತಿ ಕುಳಿತೆ. ಕಂಡಕ್ಟರ್ ಬಂದ.

"ಏನದರಿ ಕಾಕಾ ಗಂಟಿನ್ಯಾಗ?"

"ಸಾಮಾನ."

"ಎಂಥಾ ಸಾಮಾನ್ರಿ? ಕೋಳಿ ಇಲ್ಲಲ್ಲ? ಮೊನ್ನೆ ಒಬ್ಬಾಂವ ಹಿಂಗೇ ಸಾಮಾನ ಅಂದು ಕುಂತ. ಅರ್ಧ ಹಾದ್ಯಾಗ ಸಾಮಾನ ಕೂಗಾಕತ್ತು."

ಬಸ್ಸು ನಕ್ಕಿತು. ನನಗೆ ಸಿಟ್ಟು ಬಂತು. ಹಗ್ಗ ಸಡಿಲಿಸಿ ಕೌದಿಯ ಅಂಚು ಎತ್ತಿ ತೋರಿಸಿದೆ.

"ಓಹೋ, ಅಜ್ಜ ಆಗೀರಿ! ಪೇಢೆ ಎಲ್ಲಿ? ಗಂಡೋ ಹೆಣ್ಣೋ?"

"ಇನ್ನಾ ಆಗಿಲ್ಲ," ಅಂದೆ.

ನಗು ನಿಂತುಹೋಯಿತು. ಮುಂದಿನ ಸೀಟಿನಲ್ಲಿದ್ದ ಮುದುಕಿಯೊಬ್ಬಳು ಪೂರ್ತಿ ಹಿಂದೆ ತಿರುಗಿದಳು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ.

"ಆಗದ ಕೂಸಿಗಿ ತೊಟ್ಟಿಲ ಒಯ್ತೀಯೇನೋ ಯಪ್ಪಾ? ನಿನ್ನ ತಲಿ ನೆಟ್ಟಗ ಅದ ಇಲ್ಲೋ? ಮನ್ಯಾಗ ಬುದ್ಧಿ ಹೇಳೋ ಹೆಣ್ಮಕ್ಕಳು ಇಲ್ಲೇನು?"

"ಹೆಣ್ಮಗಳೇ ತಾ ಅಂದಾಳ್ರಿ ಯಮ್ಮಾ. ಮಗಳು."

"ಆಕಿ ಅಂದ್ಳು, ನೀ ಹೊಂಟಿ." ಮುದುಕಿ ಕಂಡಕ್ಟರ್ ಕಡೆ ನೋಡಿದಳು. "ನೀನರ ಹೇಳೋ ತಮ್ಮಾ."

"ನಾ ಏನ ಹೇಳ್ಲಿ ಆಯಿ? ಹೆಣ್ಮಕ್ಕಳಿಗಿ ಬಸ್ ಫ್ರೀ ಅದ, ಅವರ ತೊಟ್ಟಿಲಕ್ಕ ಇಲ್ಲ," ಎಂದು ಅವನು ಲಗೇಜ್ ಟಿಕೆಟ್ ಹರಿದು ನನ್ನ ಕೈಗಿಟ್ಟು ಮುಂದೆ ಹೋದ.

ರಸ್ತೆ ಕೆಟ್ಟಿತ್ತು. ತಗ್ಗು ಬಂದಾಗಲೆಲ್ಲ ಬಸ್ಸು ಎಡಕ್ಕೆ ಬಲಕ್ಕೆ ಓಲಾಡುತ್ತಿತ್ತು, ಅದರ ಜೊತೆ ತೊಟ್ಟಿಲೂ. ಮುದುಕಿಯ ಕಣ್ಣು ಅದರ ಮೇಲೇ ಇತ್ತು. "ತೂಗಾಕತ್ತದ, ತೂಗಾಕತ್ತದ! ಹಿಡಕೋ ಗಟ್ಟಿ!" ಎಂದು ಕೂಗಿದಳು. ನಾನು ತೊಟ್ಟಿಲನ್ನು ಎತ್ತಿ ತೊಡೆಯ ಮೇಲಿಟ್ಟು ಎರಡೂ ಕೈಯಿಂದ ತಬ್ಬಿಕೊಂಡೆ. ಕಲ್ಲು ಹೊತ್ತ ಕೈ ನನ್ನದು, ಭಾರಕ್ಕೆ ಹೆದರಿದ್ದಲ್ಲ. ಆದರೆ ಒಂದು ಖಾಲಿ ಪೆಟ್ಟಿಗೆ ಅಲುಗದಂತೆ ಹಿಡಿದು ಕೂರುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಅಫಜಲಪುರ ಬರುವಷ್ಟರಲ್ಲಿ ತೊಡೆಗಳು ಜೋಮು ಹಿಡಿದಿದ್ದವು. ಮನಸ್ಸಿನಲ್ಲಿ ಮಗಳ ಮಾತಿಗಿಂತ ಮುದುಕಿಯ ಮಾತೇ ಗಟ್ಟಿಯಾಗಿ ಕುಳಿತಿತ್ತು. ಇಳಿಯುವಾಗ ಅವಳು ನನ್ನ ಕೈ ಹಿಡಿದು, "ಬೈದೆ ಅಂತ ತಿಳಕೋಬ್ಯಾಡ. ನನಗೂ ಒಬ್ಬಾಕಿ ಮಗಳದಾಳ," ಎಂದಳು. ಅದರಿಂದ ಹೆದರಿಕೆ ಇನ್ನೂ ಹೆಚ್ಚಾಯಿತು.

ಅಫಜಲಪುರದ ಸ್ಟ್ಯಾಂಡಿನಲ್ಲಿ ಬುತ್ತಿ ಬಿಚ್ಚಿದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ತಿನ್ನುತ್ತಾ ವಾಪಸು ಹೋಗಿಬಿಡಲೇ ಎಂದು ಯೋಚಿಸಿದೆ. ಆಳಂದದ ಬಸ್ಸು ಎದುರಿಗೇ ನಿಂತಿತ್ತು. ಬಸ್ಸು ತಪ್ಪಿತು, ಮೈಗೆ ಆರಾಮಿಲ್ಲ, ಏನಾದರೂ ಹೇಳಬಹುದಿತ್ತು. ಆದರೆ ಅವಳು ಫೋನಿನಲ್ಲಿ 'ತಾ' ಅಂದ ದನಿ ಕಿವಿಯಲ್ಲಿತ್ತು. ಅದು ಬೇಡುವ ದನಿಯಾಗಿರಲಿಲ್ಲ, ಅಂಗಡಿಯಿಂದ ಉಪ್ಪು ತಾ ಅನ್ನುವಂಥ ದನಿ. ಎದ್ದು ಹವಳಗಾ ಕಡೆಯ ಬಸ್ಸು ಹತ್ತಿದೆ.

ಹವಳಗಾದ ಸಕ್ಕರೆ ಫ್ಯಾಕ್ಟರಿ ಇನ್ನೂ ಕಣ್ಣಿಗೆ ಬೀಳುವ ಮೊದಲೇ ಬೆಲ್ಲದ ವಾಸನೆ ಬಂತು. ಆಮೇಲೆ ಬಸ್ಸು ನಿಂತಿತು. ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲು ಹನುಮಂತನ ಬಾಲದಂತೆ ರಸ್ತೆ ತುಂಬ ಚಾಚಿಕೊಂಡಿತ್ತು. ಇನ್ನು ತಾಸುಗಟ್ಟಲೆ ಆಗುತ್ತದೆ ಎಂದು ಡ್ರೈವರ್ ಹೇಳಿದ ಮೇಲೆ ಎಲ್ಲರೂ ಇಳಿದೆವು. ಚಹಾದ ಗುಡಿಸಲ ಪಕ್ಕದ ಬೇವಿನ ಮರದ ನೆರಳಿಗೆ ನಾನು ಗಂಟು ಹೊತ್ತು ಹೋದೆ.

ಅಲ್ಲಿ ಕಬ್ಬು ಕಡಿಯುವ ಹೆಂಗಸೊಬ್ಬಳು ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಅತ್ತಿತ್ತ ಅಡ್ಡಾಡುತ್ತಿದ್ದಳು. ಗಡಿಯ ಆಚೆಯವಳು, ಮಾತಿನಲ್ಲಿ ಮರಾಠಿ ಇತ್ತು. ಕೂಸು ನಿದ್ದೆಗೆ ಬಂದು ಚೀರುತ್ತಿತ್ತು. ಗಂಡ ಟ್ರ್ಯಾಕ್ಟರಿನ ಹತ್ತಿರ ಸಾಲು ಕಾಯುತ್ತಿದ್ದ. ಸಡಿಲಾದ ಕೌದಿಯೊಳಗಿಂದ ತೊಟ್ಟಿಲ ಕಟಾಂಜನ ಇಣುಕಿದ್ದನ್ನು ಅವಳು ನೋಡಿದಳು.

"ದಾದಾ, ಜರಾ ಮಲಗಸಲೇನು? ನನ್ನ ಸೀರಿ ಝೋಳಿ ಗಾಡ್ಯಾಗ ಕಬ್ಬಿನ ಬುಡಕ ಸಿಕ್ಕದ. ಕೈ ಸೋತಾವ."

ನಾನು ಅನುಮಾನಿಸಿದೆ. ನಮ್ಮ ಮನೆಯ ಕೂಸಿಗೆ ಹೊರಟ ತೊಟ್ಟಿಲು, ಮೊದಲು ಮಲಗುವುದು ಇದ್ಯಾರದೋ ಕೂಸೇ? ಆಗ ಅದು ಮತ್ತೆ ಚೀರಿತು. ಚೀರುವ ಕೂಸಿನ ಮುಂದೆ ಅನುಮಾನ ಎಷ್ಟು ಹೊತ್ತು ನಿಂತೀತು? ಹಗ್ಗ ಬಿಚ್ಚಿ ಬೇವಿನ ಗಟ್ಟಿ ಟೊಂಗೆಗೆ ಎಸೆದು, ತೊಟ್ಟಿಲನ್ನು ನೆಲದಿಂದ ಒಂದು ಮೊಳ ಎತ್ತರಕ್ಕೆ ಕಟ್ಟಿ, ಜಗ್ಗಿ ನೋಡಿ, ಕೌದಿ ಮಡಚಿ ಒಳಗೆ ಹಾಸಿದೆ. ಅವಳು ಕೂಸನ್ನು ಇಳಿಸಿದಳು. ಯಾರೂ ಹೇಳದೆಯೇ ನನ್ನ ಕೈ ತೂಗತೊಡಗಿತು. ನೀಲಮ್ಮನನ್ನು ತೂಗಿದ ಮೇಲೆ ಆ ಕಿರಗುಟ್ಟುವ ಸಪ್ಪಳವನ್ನು ನಾನು ಕೇಳಿರಲಿಲ್ಲ. ಕೂಸು ನಾಲ್ಕು ಸಲ ಬಿಕ್ಕಿ ಮಲಗಿಬಿಟ್ಟಿತು.

"ಮಗಳಿಗಿ ಏನ ಕೂಸು, ದಾದಾ?"

"ಇನ್ನಾ ಆಗಿಲ್ಲವ್ವಾ. ಆಗೋ ಮೊದಲ ಒಯ್ಯಾಕತ್ತೇನಿ. ನಮ್ಮ ಕಡಿ ಹಂಗ ಒಯ್ಯಬಾರ್ದಂತಾರ."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಮೊದ್ಲ ಒಯ್ಯದ ಮತ್ತ್ಯಾವಾಗ? ನಾವು ಊರ ಬಿಟ್ಟಾಗ ಇಂವ ಹೊಟ್ಟ್ಯಾಗ ಇದ್ದ. ಮೆತ್ತಗಿನ ಹಳೀ ಸೀರಿ ಒಂದ ಗಂಟಿನ್ಯಾಗ ಇಟ್ಕೊಂಡೇ ಹೊಂಟೆ, ಝೋಳಿಗಿ ಬೇಕಲ್ಲ? ಕಬ್ಬಿನ ಹೊಲದಾಗ ಕೂಸ ಹುಟ್ಟಿದ ಮ್ಯಾಲ ಸೀರಿ ಎಲ್ಲಿ ಹುಡಕಲಿ?"

"ಹೆದರಿಕಿ ಆಗಲಿಲ್ಲೇನು?"

"ಯಾಕಾಗಲ್ಲ? ಆತು. ಸೀರಿ ಇಟ್ಕೊಂಡೇ ಹೆದರಿದೆ."

ಅಷ್ಟು ಹೇಳಿ ಅವಳು ಮರಕ್ಕೆ ಒರಗಿ ಕಣ್ಣು ಮುಚ್ಚಿದಳು. ಆ ತಾಯಿ ನಿದ್ದೆ ಮಾಡಿದಷ್ಟು ಹೊತ್ತು ನಾನು ತೂಗುತ್ತಾ ಕುಳಿತೆ. ಟ್ರ್ಯಾಕ್ಟರುಗಳು ಒಂದೊಂದಾಗಿ ಮುಂದೆ ಸರಿದವು. ಕಬ್ಬಿನ ಒಣಗಿದ ಗರಿಯ ರವದಿ ಗಾಳಿಗೆ ಹಾರಿ ಬಂದು ಕೂಸಿನ ಮೇಲೆ ಬೀಳುತ್ತಿತ್ತು, ತೆಗೆದು ಹಾಕುತ್ತಿದ್ದೆ. ಗಂಡ ಕೂಗಿದಾಗ ಅವಳು ಗಡಬಡಿಸಿ ಎದ್ದು ಕೂಸನ್ನು ಎತ್ತಿಕೊಂಡಳು. ತೊಟ್ಟಿಲ ಅಂಚು ಮುಟ್ಟಿ ಕೈ ಎದೆಗೆ ಹಚ್ಚಿಕೊಂಡು, "ಮಗಳಿಗಿ ಹೇಳ್ರಿ, ಛಲೋ ನಿದ್ದಿ ಬರ್ತದ ಇದರಾಗ," ಅಂದಳು. ನಮ್ಮ ಬಸ್ಸೂ ಹಾರ್ನ್ ಹೊಡೆಯುತ್ತಿತ್ತು. ಟೊಂಗೆಯ ಹಗ್ಗ ಬಿಚ್ಚಿಕೊಂಡು, ತೊಟ್ಟಿಲಿಗೆ ಅದೇ ಕೌದಿ ಸುತ್ತಿ ಓಡಿದೆ.

ಅಲ್ಲಿಂದ ಮುಂದೆ ಒಂದಿಷ್ಟು ಬಸ್ಸು, ಒಂದಿಷ್ಟು ಟಂಟಂ ಆಟೋ. ಭೀಮಾ ನದಿಯ ಸೇತುವೆ ದಾಟುವಾಗ ಬಿಸಿಲು ಇಳಿದಿತ್ತು. ಹೊಳೆಯಲ್ಲಿ ನೀರು ಕಡಿಮೆಯಾಗಿ ನಡುವೆ ಉಸುಕಿನ ದಿಬ್ಬಗಳು ಎದ್ದಿದ್ದವು. ಟಂಟಂನಲ್ಲಿ ಪಕ್ಕದಲ್ಲಿ ಕುಳಿತವರು ಮತ್ತೆ ಗಂಡೋ ಹೆಣ್ಣೋ ಎಂದು ಕೇಳಿದರು, ನಾನು ಇನ್ನೂ ಆಗಿಲ್ಲ ಅಂದೆ. ಈ ಸಲ ದನಿ ತಗ್ಗಿಸಲಿಲ್ಲ. ಜೇವರ್ಗಿಯಲ್ಲಿ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು, ನೀಲಮ್ಮನಿಗೆ ಬಾಳೆಹಣ್ಣು ಕೊಂಡು, ಇಜೇರಿಯ ಬಸ್ಸು ಹತ್ತಿದೆ. ಎರೆ ಹೊಲಗಳಲ್ಲಿ ಬಿಳಿಜೋಳ ಎದೆಮಟ್ಟ ನಿಂತಿತ್ತು. ದನಗಳು ಮನೆಗೆ ಬರುವ ಹೊತ್ತಿಗೆ ಇಜೇರಿ ಮುಟ್ಟಿದೆ.

ಬೀಗತಿ ಗುರುಬಾಯಿ ಬಾಗಿಲಲ್ಲೇ ನಿಂತಿದ್ದಳು. ಅಳಿಯ ಹೊಲದಿಂದ ಬಂದಿರಲಿಲ್ಲ. ನನ್ನ ಹೆಗಲ ಮೇಲಿನದನ್ನು ನೋಡಿ ಅವಳ ಮುಖ ಇಳಿಯಿತು.

"ಬೀಗ್ರ, ನಿಮಗ ಒಳಗ ಬರ್ರಿ ಅಂತೇನಿ. ಅದಕ್ಕ ಅನ್ನಲ್ಲ. ಕೈ ಮುಗೀತೇನಿ, ಹೊಸ್ತಲಾ ದಾಟಸಬ್ಯಾಡ್ರಿ. ಆಕಿ ಸಣ್ಣಾಕಿ, ಕೇಳ್ಯಾಳ. ತಿಳದವ್ರು ನೀವು ತಂದೀರಲ್ಲ!"

 ಬೆಳಗಿನಿಂದ ನನಗೆ ನಾನೇ ಹೇಳಿಕೊಂಡ ಮಾತು ಅದು. ತೊಟ್ಟಿಲನ್ನು ಕಟ್ಟೆಯ ಮೇಲೆ ಇಳಿಸಿದೆ. ಅಷ್ಟರಲ್ಲಿ ನೀಲಮ್ಮ ಒಳಗಿನಿಂದ ಬಂದಳು. ಬಾಗಿಲ ಚೌಕಟ್ಟು ಹಿಡಿದು, ಸೊಂಟದ ಮೇಲೆ ಕೈಯಿಟ್ಟು, ಮೆಲ್ಲಗೆ. ಮುಖ ತುಂಬಿಕೊಂಡಿತ್ತು.

"ಅತ್ತಿ, ತರಸಿದಾಕಿ ನಾನು. ಬೈದ್ರ ನನಗ ಬೈರಿ."

"ನಿನಗ ಬೈಯಾಕ ಬಾಯಿ ಬರಲ್ಲ ಬೇ. ಅದಕ್ಕೇ ಇವರಿಗಿ ಬೈಯಾಕತ್ತೇನಿ."

"ಎರಡ ಸಲಾನೂ ಒಂದ ಅರಿವಿ ಸೈತ ತೆಗದಿಡಲಿಲ್ಲ ನಾವು. ಹೆದರಕೋತ ಕುಂತೆವು. ಹೆದರಿದ್ದಕ್ಕ ಉಳದ್ವೇನ್ರಿ?"

 ಗುರುಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡು, "ಹಂಗಲ್ಲ ನೀಲಾ. ನಾಳೆ ಏನರ ಹೆಚ್ಚುಕಡಿಮಿ ಆದ್ರ, ಮನ್ಯಾಗ ಈ ಖಾಲಿ ತೊಟ್ಟಿಲ ನೋಡಾಕ ನನಗ ಆಗಲ್ಲ," ಅಂದಳು. ಹಾಗೆ ಹೇಳಿ, ಏನೂ ತೋಚದೆ, ಕಟ್ಟೆಯ ಮೇಲಿನ ಕೌದಿಯನ್ನು ಸರಿಮಾಡಲು ಕೈ ಹಾಕಿದಳು. ಕೈ ಅಲ್ಲೇ ನಿಂತಿತು.

"ಯಾಕ ಹಸಿ ಅದ ಇದು? ಹಾದ್ಯಾಗ ನೀರ ಚೆಲ್ಲೀರೇನು?" ಎಂದು ಬೆರಳು ಮೂಸಿದಳು. ಅವಳ ಹುಬ್ಬು ಮೇಲೇರಿತು. "ಬೀಗ್ರ! ಇದು ಕೂಸಿನ ಉಚ್ಚಿ!"

ನಾನು ಹವಳಗಾದ ಬೇವಿನ ಮರದ ಕಥೆ ಹೇಳಬೇಕಾಯಿತು. ಓಡಿ ಬಸ್ಸು ಹತ್ತುವ ಗಡಿಬಿಡಿಯಲ್ಲಿ ಕೌದಿ ಮುಟ್ಟಿ ನೋಡಿರಲಿಲ್ಲ ಎಂದೆ. ನೀಲಮ್ಮ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ನಗಬ್ಯಾಡ ಬೇ, ನಗಬ್ಯಾಡ, ಹೊಟ್ಟಿ ಕುಲುಕ್ತದ," ಎನ್ನುತ್ತಾ ಗುರುಬಾಯಿಯೂ ನಕ್ಕಳು. ನಗುನಗುತ್ತಲೇ ಕಣ್ಣೀರು ಬಂತು.

"ಉಚ್ಚಿ ಹೊಯ್ಸ್ಕೊಂಡ ಬಂದದ ಇದು. ಇನ್ನ ಖಾಲಿ ಅದ ಅಂತ ಯಾವ ಬಾಯಿಲೆ ಅನ್ನಲಿ?" ಎಂದು ಒಳಗೆ ಹೋಗಿ ವಿಭೂತಿ ತಂದು, ತೊಟ್ಟಿಲ ನಾಲ್ಕೂ ಕಂಬಕ್ಕೆ ಹಚ್ಚಿದಳು. "ತರ್ರಿ ಒಳಗ. ಬಲಗಾಲ ಮುಂದಿಡ್ರಿ. ಕೌದಿ ಮಾತ್ರ ಹೊರಗ ಒಗೀರಿ, ನಾರ್ತದ."

ಮರುದಿನ ಮುಂಜಾನೆ ಪಡಸಾಲೆಯ ತೊಲೆಗಳನ್ನು ಸುತ್ತಿಗೆಯ ಹಿಡಿಯಿಂದ ಬಡಿದು ಸಪ್ಪಳ ಕೇಳಿ, ನಡುವಿನದನ್ನು ಆರಿಸಿದೆ. ಅಳಿಯ ಏಣಿ ಹಿಡಿದ. ಹಗ್ಗ ಬಿಗಿದು ಇಬ್ಬರೂ ಜೋತುಬಿದ್ದು ನೋಡಿದೆವು. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಒರಳಿನ ಗುಂಡುಕಲ್ಲನ್ನು ಮಲಗಿಸುವುದು ನಮ್ಮ ರೂಢಿ. ಗುರುಬಾಯಿ ಅವತ್ತೇ ಅದನ್ನು ತೊಳೆದು, ಅರಿವೆ ಸುತ್ತಿ ತಂದು ಮಲಗಿಸಿದಳು. "ಅಲ್ಲೀತನಕ ಇಂವ ಜಾಗಾ ಕಾಯಲಿ," ಅಂದಳು.

ಗುರುಬಾಯಿ, ಅಳಿಯ ಒಳಗೆ ಹೋದ ಮೇಲೆ ನಾನು ನೀಲಮ್ಮನ ಪಕ್ಕ ಕುಳಿತೆ. ಅವಳು ಒಂದು ಹಳೆಯ ಧೋತರ ಹರಿದು ಮೆತ್ತನೆಯ ತುಂಡು ಮಾಡುತ್ತಿದ್ದಳು.

"ಹೆದರಿಕಿ ಬರಲ್ಲೇನವ್ವಾ ನಿನಗ?"

"ಬರ್ತದ ಯಪ್ಪಾ. ದಿನಾ ಬರ್ತದ. ಕೂಸ ಒದಿಯೋದು ಜರಾ ತಡಾ ಆದ್ರೂ ಕೈಕಾಲು ತಣ್ಣಗಾಗ್ತಾವ." ಅರಿವೆ ಚರ್ರನೆ ಹರಿಯಿತು. "ಆವಾಗ ಎದ್ದು ಇಂಥಾದೊಂದು ಕೆಲಸ ಮಾಡ್ತೇನಿ. ನಾ ಕೈ ಕಟ್ಕೊಂಡ ಕುಂತ್ರ ಶಿವನ ಮ್ಯಾಲ ಸಿಟ್ಟಾದಂಗ ಆಗ್ತದ. ಆತನ ಮ್ಯಾಲ ನನಗ ಸಿಟ್ಟಿಲ್ಲ ಯಪ್ಪಾ. ಇತ್ತು. ಈಗಿಲ್ಲ."

ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ನನ್ನ ಕೈ ಸುಣ್ಣ ಸಿಮೆಂಟಿಗೆ ಒಡೆದು ಬಿರುಸಾಗಿದೆ, ಅವಳ ಕೂದಲು ಅದಕ್ಕೆ ಸಿಕ್ಕಿಕೊಂಡಿತು. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಾಗ ಆ ಮನೆಯ ಮೂಡಣ ಗೋಡೆ ಕಣ್ಣಿಗೆ ಬಿತ್ತು. ತುದಿಯಲ್ಲಿ ಒಂದು ಕಲ್ಲು ಬಿಟ್ಟು ಒಂದು ಕಲ್ಲು ಹಲ್ಲಿನಂತೆ ಮುಂದೆ ಚಾಚಿಕೊಂಡಿತ್ತು. ಮುಂದೆಂದಾದರೂ ಪಕ್ಕದಲ್ಲಿ ಇನ್ನೊಂದು ಕೋಣೆ ಕಟ್ಟಿದರೆ ಗೋಡೆಗೆ ಗೋಡೆ ಕಚ್ಚಲಿ ಎಂದು ಗೌಂಡಿಗಳು ಹಾಗೆ ಬಿಡುತ್ತಾರೆ. ಕೋಣೆ ಆಗುತ್ತದೆ ಎಂದು ಆ ಗೌಂಡಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ನಾನೂ ಎಷ್ಟು ಮನೆಗಳಿಗೆ ಹೀಗೆ ಬಿಟ್ಟಿದ್ದೇನೆ. ಬಿಡುವಾಗ ಒಮ್ಮೆಯೂ ಅನುಮಾನಿಸಿಲ್ಲ.

ವಾಪಸು ಬರುವಾಗ ಸುತ್ತುದಾರಿ ಹಿಡಿಯಲಿಲ್ಲ. ಜೇವರ್ಗಿಯಿಂದ ನೆಟ್ಟಗೆ ಕಲಬುರಗಿ. ನಾನು ಹೆದರಿದಂತೆಯೇ ಸ್ಟ್ಯಾಂಡಿನಲ್ಲಿ ನಮ್ಮೂರ ಕಿರಾಣಿ ಅಂಗಡಿಯ ಮಲ್ಲಪ್ಪ ಸಿಕ್ಕ.

"ಏನಪಾ ಗೌಂಡಿ, ಎಲ್ಲಿಗಿ ಹೋಗಿದ್ದಿ?"

"ಮಗಳ ಮನಿಗಿ ತೊಟ್ಟಿಲ ಕಟ್ಟಿ ಬಂದೆ."

"ಅರೇ, ಹೇಳೇ ಇಲ್ಲ! ಏನ ಕೂಸು?"

"ಇನ್ನಾ ಬರಬೇಕು."

ಮಲ್ಲಪ್ಪ ಕೈಯಲ್ಲಿದ್ದ ಚೀಲ ಕೆಳಗಿಟ್ಟ. "ಬರಲಿ, ಬರಲಿ," ಎಂದು ನನ್ನ ಬೆನ್ನ ಮೇಲೆ ಕೈಯಾಡಿಸಿದ.

ಆಳಂದದಲ್ಲಿ ಇಳಿದು ಬಟ್ಟೆ ಅಂಗಡಿಗೆ ಹೋಗಿ ಕೆಂಪು ಹೂವಿನ ಮೆತ್ತನೆಯ ಅರಿವೆ ಹರಿಸಿದೆ. ಮನೆಗೆ ಬಂದಾಗ ಶಾಂತವ್ವ ಜೋಳ ಹಸನು ಮಾಡುತ್ತಾ ಕುಳಿತಿದ್ದಳು. ಅವಳ ಪಕ್ಕದಲ್ಲಿ ಅರಿವೆ ಇಟ್ಟೆ.  ನೀಲಮ್ಮ ಹೆಂಗದಾಳ ಎಂದು ಕೇಳಿದಳು, ಹೇಳಿದೆ. ಗುಂಡುಕಲ್ಲಿನ ಮಾತು ಹೇಳಿದೆ, ಉಚ್ಚೆಯ ಮಾತು ಹೇಳಿದೆ. ಅವಳು ನಗಲಿಲ್ಲ. ಮೊರ ಬದಿಗಿಟ್ಟು, ಕೈ ಝಾಡಿಸಿ, ಅರಿವೆಯನ್ನು ಬೆಳಕಿಗೆ ಹಿಡಿದು ನೋಡಿದಳು.

ಇಜೇರಿಯಿಂದ ಇನ್ನೂ ಫೋನು ಬಂದಿಲ್ಲ. ದಿನಗಳು ಹತ್ತಿರ ಬಂದಿವೆ. ನಿನ್ನೆ ಮಧ್ಯಾಹ್ನ ಕೆಲಸದಿಂದ ಊಟಕ್ಕೆ ಬಂದಾಗ ಶಾಂತವ್ವ ಬಾಗಿಲ ಬಿಸಿಲಿನಲ್ಲಿ ಕುಂಚಿಗೆ ಹೊಲಿಯುತ್ತಿದ್ದಳು. ಅರಿವೆ ಜಾಸ್ತಿಯಾಗಿದ್ದಿರಬೇಕು, ಅಂಚನ್ನು ದಪ್ಪಗೆ ಒಳಗೆ ಮಡಚಿದ್ದಳು. ಉಳಿದದ್ದನ್ನು ಕತ್ತರಿಸಿಬಿಡಬಾರದೇ ಎಂದು ಕೇಳಿದೆ.

"ಗ್ವಾಡಿ ಕಟ್ಟಾವ್ರಿಗಿ ಇದು ತಿಳಿಯಂಗಿಲ್ಲ, ಸುಮ್ನಿರ್ರಿ," ಅಂದಳು, ಸೂಜಿಯಿಂದ ಕಣ್ಣು ತೆಗೆಯದೆ. "ಒಳಗ ಮಡಚಿಟ್ಟೀನಿ. ಕೂಸ ಬೆಳದಂಗ ಬಿಚ್ಕೋತ ಹೋಗಬಹುದು."